ಡಬ್ಬಲ್ ಚೋಲ್

ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ಈ ಲೇಖನ ಬಿಯರ್ ಬಗ್ಗೆ. ಆದರೆ ನನಗೆ 19 ವರ್ಷ, ಕರ್ನಾಟಕದಲ್ಲಿ 21 ಆಗದೆ ಬಾಟಲಿ ಕೊಳ್ಳುವ ಹಾಗಿಲ್ಲ, ಮೇಲಿಂದ ಈ ಮ್ಯಾಗಜಿನ್ ಲಿಂಕನ್ನು ನನ್ನ ಅಮ್ಮ ಕೂಡ ಓಪನ್ ಮಾಡ್ತಾರೆ. ಹಾಗಾಗಿ ರುಚಿ ಹೇಗಿರ್ತದೆ ಅಂತ ನನ್ನನ್ನು ಕೇಳಬೇಡಿ. ಅದನ್ನು ಎಲ್ಲಿ ಇಡ್ತಾರೆ, ಎಷ್ಟು ವರ್ಷ ಇಡ್ತಾರೆ, ಇಟ್ಟರೆ ಒಳಗೆ ಏನಾಗ್ತದೆ, ಇಷ್ಟು ಮಾತ್ರ ನನಗೆ ಗೊತ್ತು. ಕುಡಿಯುವವರ ಕತೆ ಹಾಸ್ಟೆಲಿನಲ್ಲಿ ದಿನಾ ಕೇಳಿ ಸಾಕಾಗಿದೆ. ಇಡುವವರ ಕತೆ ನನಗೆ ಹೆಚ್ಚು ಇಷ್ಟ, ಯಾಕೆಂದರೆ ನಮ್ಮ ಮನೆಯವರೂ ಇಡುವವರೇ.

ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವುದು, ಬೆಲ್ಜಿಯಂನ ಲ್ಯೂವೆನ್ ಊರಿನಲ್ಲಿದ್ದಾನೆ. ಇಲೆಕ್ಟ್ರಾನಿಕ್ಸ್‌ನವರಿಗೆ ಈ ಊರು ಗೊತ್ತಿರಬಹುದು, ಚಿಪ್ ಸಂಶೋಧನೆ ಮಾಡುವ ಐಮೆಕ್ ಇರುವುದು ಅಲ್ಲೇ. 1425 ರಲ್ಲಿ ಶುರುವಾದ ವಿಶ್ವವಿದ್ಯಾಲಯವೂ ಅಲ್ಲೇ ಉಂಟು. ಸ್ಟೆಲ್ಲಾ ಆರ್ಟುವಾ ಬಿಯರಿನ ಊರು ಕೂಡ ಅದೇ. ಅಣ್ಣ ಬಾಡಿಗೆಗಿರುವುದು ಹಳೆಯ ಇಟ್ಟಿಗೆ ಮನೆಯಲ್ಲಿ, ಅದರ ಕೆಳಗೆ ಒಂದು ನೆಲಮಾಳಿಗೆ. ಅಲ್ಲಿ ಒಂದು ಮರದ ಕಪಾಟು, ಕಪಾಟಿನಲ್ಲಿ ನಲವತ್ತೋ ಐವತ್ತೋ ಕಪ್ಪು ಬಿಯರ್ ಬಾಟಲಿಗಳು. ಪ್ರತಿಯೊಂದರ ಕುತ್ತಿಗೆಗೆ ಮಾಸ್ಕಿಂಗ್ ಟೇಪ್, ಟೇಪಿನ ಮೇಲೆ ತಾರೀಕು. ಒಂದು ಜಾತಿಯದ್ದು ಮೂರು ಬಾಟಲಿ ತರ್ತಾನೆ. ಒಂದು ಈಗ ಕುಡಿಯಲಿಕ್ಕೆ, ಒಂದು ಮುಂದಿನ ವರ್ಷಕ್ಕೆ, ಇನ್ನೊಂದು ಮೂರು ವರ್ಷ ಆದ ಮೇಲೆ. ಮೂರಕ್ಕೂ ನೋಟ್ಸ್ ಬರೆದಿಡ್ತಾನೆ. ನಮ್ಮ ಲ್ಯಾಬ್ ರೆಕಾರ್ಡಿಗಿಂತ ನೀಟಾಗಿ ಉಂಟು ಅವನ ಪುಸ್ತಕ.

ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಆ ಕಪಾಟನ್ನು ಎಲ್ಲರಿಗೂ ತೋರಿಸಿದ. ದೊಡ್ಡಪ್ಪ ಎದ್ದು ಹೊರಗೆ ಹೋದರು. ಅಜ್ಜಿ ಮಾತ್ರ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ‘ಇದನ್ನೆಲ್ಲ ಕುಡಿಯದೆ ಯಾಕೆ ಇಟ್ಟಿದ್ದೀ?’ ಅಂತ ಕೇಳಿದರು. ಇಟ್ಟಷ್ಟು ಒಳ್ಳೆಯದಾಗ್ತದೆ ಅಂತ ಅಣ್ಣ. ಅಜ್ಜಿಗೆ ಇನ್ನು ವಿವರಣೆ ಬೇಕಾಗಲಿಲ್ಲ. ‘ಓ, ಡಬ್ಬಲ್ ಚೋಲಾ?’ ಅಂದರು.

ಡಬ್ಬಲ್ ಚೋಲ್ ಅಂದರೆ ಏನು ಅಂತ ಬಯಲುಸೀಮೆಯ ಫ್ರೆಂಡ್ಸಿಗೆ ಆಮೇಲೆ ಹೇಳ್ತೇನೆ. ಮೊದಲು ಬಿಯರಿನ ಕೆಮಿಸ್ಟ್ರಿ ಮುಗಿಸುವ.

ಬಿಯರ್ ಇಟ್ಟಷ್ಟು ಒಳ್ಳೆಯದು ಅನ್ನುವುದು ಹೆಚ್ಚಿನ ಬಿಯರುಗಳ ಮಟ್ಟಿಗೆ ಸುಳ್ಳು. ಸಾಮಾನ್ಯ ಹಳದಿ ಬಣ್ಣದ ಲಾಗರ್ ಆಗಲಿ, ಹಾಪ್ಸ್ ಹೂವಿನ ಪರಿಮಳಕ್ಕೆ ಹೆಸರಾದ ಐಪಿಎ ಆಗಲಿ ತಾಜಾ ಇದ್ದಾಗಲೇ ಚಂದ. ತಿಂಗಳುಗಳು ಕಳೆದ ಹಾಗೆ ಹಾಪ್ಸಿನ ಪರಿಮಳ ಹೋಗ್ತದೆ, ಒದ್ದೆ ರಟ್ಟಿನ ವಾಸನೆ ಬರ್ತದೆ. ಆ ರಟ್ಟಿನ ವಾಸನೆಗೆ ಮುಖ್ಯ ಕಾರಣ ಟ್ರಾನ್ಸ್-2-ನೊನೆನಲ್ ಅನ್ನುವ ಆಲ್ಡಿಹೈಡ್. ಬಿಸಿಲೋ ಟ್ಯೂಬ್‌ಲೈಟೋ ತಾಗಿದರೆ ಇನ್ನೊಂದು ಕೇಡು. ಹಾಪ್ಸಿನ ಕಹಿ ಅಂಶ ಒಡೆದು ಗಂಧಕ ಸೇರಿದ ಒಂದು ವಸ್ತು ಹುಟ್ಟುತ್ತದೆ, ಅದು ನಾರುತ್ತದೆ. ಬಿಯರ್ ಬಾಟಲಿ ಕಂದು ಬಣ್ಣದಲ್ಲಿರುವುದು ಅದಕ್ಕೇ.

ಇಡಲಿಕ್ಕೆ ಆಗುವುದು ಕಪ್ಪು ಮತ್ತು ಗಟ್ಟಿ ಬಿಯರುಗಳು. ಲೆಕ್ಕಕ್ಕೆ ಶೇ. 8 ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವಂಥವು. ಅಣ್ಣನ ಕಪಾಟಿನಲ್ಲಿ ಶೀಮೇ ಬ್ಲೂ ಉಂಟು, ಶೇ. 9. ಅದರ ಲೇಬಲ್ಲಿನಲ್ಲಿ ಯಾವ ವರ್ಷದ್ದು ಅಂತ ಪ್ರಿಂಟ್ ಮಾಡಿಯೇ ಮಾರುತ್ತಾರೆ. ರೋಶ್‌ಫೋರ್ 10 ಉಂಟು, ಶೇ. 11.3. ಎರಡೂ ಕ್ರೈಸ್ತ ಸನ್ಯಾಸಿಗಳ ಮಠಗಳಲ್ಲಿ ತಯಾರಾಗುವಂಥವು. ಮಠದಲ್ಲಿ ಬಿಯರ್ ಅಂತ ಕೇಳಿ ಅಜ್ಜಿ ಕೆನ್ನೆಗೆ ಕೈ ಇಟ್ಟುಕೊಂಡರು.

ಇವು ಯಾಕೆ ಬೇಗ ಕೆಡುವುದಿಲ್ಲ? ಆಲ್ಕೋಹಾಲ್ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಬದುಕು ಕಷ್ಟ. ಹುರಿದ ಮಾಲ್ಟಿನಲ್ಲಿ ಮೆಲನಾಯ್ಡಿನ್ ಅನ್ನುವ ಕಂದು ವಸ್ತುಗಳಿರ್ತವೆ. ರೊಟ್ಟಿ ಸುಟ್ಟಾಗ, ಕಾಫಿ ಬೀಜ ಹುರಿದಾಗ ಬರುವ ಬಣ್ಣವೇ ಅದು. ಇವು ಆಕ್ಸಿಜನ್ನಿನ ಹೊಡೆತವನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಕೆಲವು ಬಾಟಲಿಗಳ ತಳದಲ್ಲಿ ಜೀವಂತ ಯೀಸ್ಟ್ ಕೂಡ ಇರ್ತದೆ, ಅದು ಒಳಗೆ ಉಳಿದ ಆಕ್ಸಿಜನ್ನನ್ನು ಹೀರಿಕೊಳ್ತದೆ. ಹಾಗಂತ ಒಳಗೆ ಬದಲಾವಣೆ ನಿಲ್ಲುವುದಿಲ್ಲ, ನಿಧಾನ ಆಗ್ತದೆ ಅಷ್ಟೆ. ಕಹಿ ಇಳಿಯುತ್ತದೆ, ಆಲ್ಕೋಹಾಲಿನ ಉರಿ ಮೆತ್ತಗಾಗ್ತದೆ, ಒಣದ್ರಾಕ್ಷಿ, ಖರ್ಜೂರದ ತರದ ವಾಸನೆ ಬರ್ತದೆ ಅಂತ ಅಣ್ಣನ ಪುಸ್ತಕದಲ್ಲಿ ಉಂಟು. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಬೇಕು, ಕತ್ತಲೆಯಲ್ಲಿಡಬೇಕು, 10 ರಿಂದ 13 ಡಿಗ್ರಿಯಲ್ಲಿ ಏರಿಳಿತ ಇಲ್ಲದೆ ಇಡಬೇಕು.

ಹಾಗಂತ ನೂರು ವರ್ಷ ಇಟ್ಟರೆ ಅಮೃತ ಆಗ್ತದೆ ಅಂತಲೂ ಅಲ್ಲ. ಫಿನ್ಲೆಂಡಿಗೆ ಸೇರಿದ ಓಲಾಂಡ್ ದ್ವೀಪಗಳ ಹತ್ತಿರ 2010 ರಲ್ಲಿ ಮುಳುಗುಗಾರರಿಗೆ ಒಂದು ಹಡಗಿನ ಅವಶೇಷ ಸಿಕ್ಕಿತು. 1840 ರ ದಶಕದ್ದು. ಅದರಲ್ಲಿ ಶಾಂಪೇನ್ ಬಾಟಲಿಗಳಿದ್ದವು, ಬಿಯರ್ ಬಾಟಲಿಗಳೂ ಇದ್ದವು. ಸಮುದ್ರದ ತಳಕ್ಕಿಂತ ತಂಪು, ಕತ್ತಲೆ ಜಾಗ ಎಲ್ಲಿ ಸಿಗ್ತದೆ? ಆದರೂ ಬಿಯರನ್ನು ಪರೀಕ್ಷೆ ಮಾಡಿದಾಗ ಬ್ಯಾಕ್ಟೀರಿಯಾ ಬೆಳೆದು ಹುಳಿಯಾಗಿತ್ತು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಇದನ್ನೆಲ್ಲ ಕನ್ನಡದಲ್ಲಿ ಬರೆಯುವಾಗ ಒಂದು ಶಬ್ದಕ್ಕೆ ಸಿಕ್ಕಿಬಿದ್ದೆ. ಏಜಿಂಗ್ ಅನ್ನುವುದಕ್ಕೆ ಕನ್ನಡದಲ್ಲಿ ಏನು? ಅಜ್ಜಿ ಹತ್ತಿರ ಕೇಳಿದೆ. ‘ಹಳತಾಗುದು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಭರಣಿಗಾದ್ರೆ ಪಳಗುದು, ಹಣ್ಣಿಗಾದ್ರೆ ಮಾಗುದು’ ಅಂತ ಸೇರಿಸಿದರು. ಹಳತು ಮತ್ತು ಹಾಳು, ಒಂದು ದೀರ್ಘದ ವ್ಯತ್ಯಾಸ. ಎಷ್ಟೋ ವಸ್ತುಗಳಲ್ಲಿ ಅಷ್ಟೇ ವ್ಯತ್ಯಾಸ ಇರುವುದು.

ನಮ್ಮ ಮನೆ ಅಜ್ಜಾವರದಲ್ಲಿ. ಸುಳ್ಯ ಪೇಟೆಯಿಂದ ಕಾಂತಮಂಗಲದಲ್ಲಿ ಪಯಸ್ವಿನಿ ದಾಟಿ ಬರಬೇಕು. ಇನ್ನೂ ಮುಂದೆ ಹೋದರೆ ಮಂಡೆಕೋಲು, ಆಮೇಲೆ ಕೇರಳ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುರಿಯುವ ಊರು, ಹಾಗಾಗಿ ಇಡುವುದು ನಮ್ಮವರಿಗೆ ಹವ್ಯಾಸ ಅಲ್ಲ, ಊಟದ ಪ್ರಶ್ನೆ. ಅಡುಗೆ ಮನೆಯ ಮೂಲೆಯಲ್ಲಿ ಉಪ್ಪು ನೀರಿನಲ್ಲಿ ಹಾಕಿದ ಮಾವಿನಕಾಯಿ, ಇನ್ನೊಂದು ಭರಣಿಯಲ್ಲಿ ಉಪ್ಪು ಹಾಕಿದ ಹಲಸಿನ ಸೊಳೆ, ಮೇಲೆ ಬಟ್ಟೆ ಕಟ್ಟಿದ ಮಿಡಿ ಉಪ್ಪಿನಕಾಯಿ. ಅಜ್ಜಿಯ ಕಪಾಟಿನಲ್ಲಿ ದ್ರಾಕ್ಷಾರಿಷ್ಟ. ಸಣ್ಣದಿರುವಾಗ ಜ್ವರ ಬಂದು ಬಿಟ್ಟ ಮೇಲೆ ಒಂದು ಚಮಚಕ್ಕೆ ಒಂದು ಚಮಚ ನೀರು ಸೇರಿಸಿ ಕುಡಿಸುತ್ತಿದ್ದರು. ಅದು ಏನು ಅಂತ ಯೋಚಿಸಿ ನೋಡಿ. ದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಸೇರಿಸಿ ಹುಳಿ ಬರಿಸಿದ್ದು. ಅದರೊಳಗೆ ತಾನಾಗಿ ಹುಟ್ಟಿದ ಆಲ್ಕೋಹಾಲ್ ಉಂಟು ಅಂತ ಬಾಟಲಿಯ ಮೇಲೆಯೇ ಬರೆದಿರ್ತದೆ. ಬಣ್ಣ ಕಪ್ಪು, ಬಾಟಲಿ ಕಂದು, ಇಡುವ ಜಾಗ ಕತ್ತಲೆ. ಆಸವ, ಅರಿಷ್ಟಗಳು ಹಳೆಯದಾದಷ್ಟು ಗುಣ ಜಾಸ್ತಿ ಅಂತ ಶಾರ್ಙ್ಗಧರ ಸಂಹಿತೆಯೇ ಹೇಳ್ತದೆ. ಇದನ್ನು ಅಣ್ಣ ದೊಡ್ಡಪ್ಪನಿಗೆ ವಾದದಲ್ಲಿ ಹೇಳಿ ನೋಡಿದ. ಏನೂ ಉಪಯೋಗ ಆಗಲಿಲ್ಲ.

ಅಜ್ಜಾವರದಲ್ಲಿ ಅಣ್ಣನ ಹಾಗೆ ಬಿಯರ್ ಇಡಲಿಕ್ಕೆ ಸಾಧ್ಯವಾ? ಫಸ್ಟ್ ಇಯರ್ ಕೆಮಿಸ್ಟ್ರಿಯ ಅರ್ಹೀನಿಯಸ್ ನೆನಪು ಮಾಡಿಕೊಳ್ಳಿ. ಅಂದಾಜಿನ ಲೆಕ್ಕ ಏನೆಂದರೆ ಉಷ್ಣತೆ 10 ಡಿಗ್ರಿ ಏರಿದರೆ ರಿಯಾಕ್ಷನ್ ವೇಗ ಸುಮಾರು ಎರಡು ಪಟ್ಟು. ಅಣ್ಣನ ನೆಲಮಾಳಿಗೆ 12 ಡಿಗ್ರಿ, ನಮ್ಮ ಅಟ್ಟ 32 ಡಿಗ್ರಿ ಅಂತ ಇಟ್ಟುಕೊಳ್ಳಿ. 20 ಡಿಗ್ರಿ ವ್ಯತ್ಯಾಸ, ನಾಲ್ಕು ಪಟ್ಟು ವೇಗ. ಅವನು ಒಂದು ವರ್ಷ ಕಾಯುವುದು ನಮ್ಮಲ್ಲಿ ಮೂರು ತಿಂಗಳಿಗೆ ಮುಗಿದು ಹೋಗ್ತದೆ. ಬೇಗ ಆಗ್ತದಲ್ಲ, ಒಳ್ಳೆಯದೇ ಅಂತ ಅನ್ನಿಸಬಹುದು. ಆದರೆ ಎಲ್ಲ ರಿಯಾಕ್ಷನ್‌ಗಳೂ ಒಂದೇ ಲೆಕ್ಕದಲ್ಲಿ ಓಡುವುದಿಲ್ಲ. ಸೆಖೆಯಲ್ಲಿ ರಟ್ಟಿನ ವಾಸನೆ ಗೆದ್ದುಬಿಡ್ತದೆ, ಖರ್ಜೂರದ ವಾಸನೆ ಬರುವಷ್ಟು ಪುರುಸೊತ್ತೇ ಸಿಗುವುದಿಲ್ಲ.

ನಮ್ಮ ಅಟ್ಟದಲ್ಲಿ ಇಡಲಿಕ್ಕೆ ಆಗುವುದು ಅಡಿಕೆ. ಈಗ ಡಬ್ಬಲ್ ಚೋಲಿಗೆ ಬರ್ತೇನೆ. ನಮ್ಮ ಕಡೆ ಮಾಡುವುದು ಚಾಲಿ ಅಡಿಕೆ. ಹಣ್ಣಾದ ಗೊನೆ ಕೊಯ್ದು, ಅಂಗಳದಲ್ಲಿ 40–45 ದಿನ ಬಿಸಿಲಿಗೆ ಹಾಕಿ, ಆಮೇಲೆ ಸುಲಿಯುವುದು. ಸುಲಿದದ್ದರಲ್ಲಿ ಒಳ್ಳೆಯದನ್ನು ಒಂದು ಕಡೆ ಮಾಡಿ ಪಟೋರ, ಉಳ್ಳಿ, ಕರಿಗೋಟು ಅಂತ ಕಳಪೆಯನ್ನು ಬೇರೆ ಮಾಡುತ್ತಾರೆ. ಆ ಸೀಸನ್ನಿನದ್ದು ಹೊಸ ಅಡಿಕೆ. ಒಂದು ವರ್ಷ ದಾಟಿದರೆ ಸಿಂಗಲ್ ಚೋಲ್. ಎರಡು ವರ್ಷ ದಾಟಿದರೆ ಡಬ್ಬಲ್ ಚೋಲ್. 1973 ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೋ ಇರಲಿ, ಪೇಟೆಯ ವ್ಯಾಪಾರಿ ಇರಲಿ, ರೇಟು ಹೇಳುವಾಗ ಮೊದಲು ಕೇಳುವುದು ಹೊಸತಾ ಹಳತಾ ಅಂತ. ಸಾಮಾನ್ಯವಾಗಿ ಹಳತಿಗೆ ರೇಟು ಜಾಸ್ತಿ. ನೀರಿನಂಶ ಇಳಿದು ಗಟ್ಟಿಯಾಗಿರ್ತದೆ, ಇನ್ನು ತೂಕ ಕಮ್ಮಿ ಆಗುವ ಭಯ ಇಲ್ಲ.

ನಾನು ಇಂಜಿನಿಯರಿಂಗ್ ಸೇರಿದ ಹೊಸತರಲ್ಲಿ ಅಪ್ಪನಿಗೆ ಒಂದು ಲೆಕ್ಕ ಮಾಡಿ ತೋರಿಸಿದೆ. ಉದಾಹರಣೆಗೆ ಹೊಸ ಅಡಿಕೆ ಕಿಲೋಗೆ 400 ರೂಪಾಯಿ ಅಂತ ಹಿಡಿಯಿರಿ. ಈಗಲೇ ಮಾರಿ ಶೇ. 8 ಬಡ್ಡಿಗೆ ಹಾಕಿದರೆ ಎರಡು ವರ್ಷಕ್ಕೆ 466 ಚಿಲ್ಲರೆ ಆಗ್ತದೆ. ಅಟ್ಟದಲ್ಲಿಟ್ಟರೆ ತೂಕದಲ್ಲಿ ಶೇ. 4 ಹೋಯಿತು ಅಂತಿಟ್ಟುಕೊಂಡರೆ ಡಬ್ಬಲ್ ಚೋಲಿಗೆ 486 ಸಿಕ್ಕಿದರೆ ಮಾತ್ರ ಸಮ. ಅದಕ್ಕಿಂತ ಕಮ್ಮಿ ಸಿಕ್ಕಿದರೆ ನಷ್ಟ. ಹುಳು ಹಿಡಿದರೆ, ಸೋರಿದರೆ ಅದು ಬೇರೆ. ಅಪ್ಪ ಪೂರ್ತಿ ಕೇಳಿದರು. ಲೆಕ್ಕ ಸರಿ ಉಂಟು ಅಂದರು. ಆಮೇಲೆ ಹೇಳಿದರು, ‘ಬ್ಯಾಂಕಿನಲ್ಲಿ ಇದ್ರೆ ಫೋನಲ್ಲೇ ಖರ್ಚಾಗ್ತದೆ. ಅಟ್ಟದಲ್ಲಿ ಇದ್ರೆ ಏಣಿ ಇಡ್ಬೇಕು. ಏಣಿ ಇಡುವಾಗ ಮನೆಯವರೆಲ್ಲ ನೋಡ್ತಾರೆ, ಎಂತಕ್ಕೆ ಅಂತ ಕೇಳ್ತಾರೆ.’

ಇದು ನನಗೆ ಆಗ ತಮಾಷೆ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಅಕ್ಕನ ಮದುವೆ, ಅಜ್ಜನ ಆಪರೇಶನ್, ಬಾವಿಗೆ ರಿಂಗ್, ಎಲ್ಲ ಇಳಿದು ಬಂದದ್ದು ಆ ಏಣಿಯಿಂದಲೇ. ಎಕ್ಸೆಲ್ ಶೀಟಿನಲ್ಲಿ ಏಣಿಗೆ ಕಾಲಮ್ ಇಲ್ಲ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಕೊಯ್ದ ಅಡಿಕೆಯಲ್ಲಿ ಏಳು ಗೋಣಿಯನ್ನು ಅಪ್ಪ ಮೇಲೆ ಇಟ್ಟಿದ್ದರು. ಗೋಣಿಗೆ 65 ಕಿಲೋ. ಅದು ಡಬ್ಬಲ್ ಚೋಲ್ ಆಗಬೇಕು ಅಂತ ಲೆಕ್ಕ. ಆದರೆ ಇಡುವುದಕ್ಕೆ ಒಂದು ಕಂಡೀಷನ್ ಉಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ವರ್ಷದ ಖರ್ಚಿಗೆ ಈ ವರ್ಷದ ಬೆಳೆ ಸಾಕಾಗಬೇಕು. ಆಗ ಮಾತ್ರ ಹಳೆಯದನ್ನು ಮುಟ್ಟದೆ ಇರಬಹುದು. ಅಣ್ಣನ ಬಾಟಲಿಗಳು ಕಾಯುತ್ತಿರುವುದು ಅವನಿಗೆ ತಿಂಗಳ ಕೊನೆಗೆ ಸಂಬಳ ಬರುವುದರಿಂದ. ನಮ್ಮ ಗೋಣಿಗಳು ಕಾಯುತ್ತಿದ್ದದ್ದು ತೋಟ ಸರಿ ಇದ್ದದ್ದರಿಂದ.

ತೋಟ ಈಗ ಸರಿ ಇಲ್ಲ. ಹಳದಿ ಎಲೆ ರೋಗದ ಬಗ್ಗೆ ಸುಳ್ಯದವರಿಗೆ ಹೇಳುವುದೇ ಬೇಡ. ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಖಾಲಿಯಾದದ್ದನ್ನು ನೋಡಿದವರು ನಾವು. ಇದು ಹೊಸ ರೋಗವೂ ಅಲ್ಲ, 1914 ರಲ್ಲೇ ಕೇರಳದಲ್ಲಿ ಕಾಣಿಸಿಕೊಂಡದ್ದು. ಫೈಟೋಪ್ಲಾಸ್ಮಾ ಅನ್ನುವ ತೀರಾ ಸಣ್ಣ ಜೀವಿ, ರಸ ಹೀರುವ ಒಂದು ಜಿಗಿಹುಳದ ಮೂಲಕ ಮರದಿಂದ ಮರಕ್ಕೆ ಹೋಗ್ತದೆ. ಎಲೆಯ ತುದಿಯಿಂದ ಹಳದಿ ಶುರುವಾಗ್ತದೆ, ಕಾಯಿ ಉದುರುತ್ತದೆ, ಒಳಗಿನ ತಿರುಳು ಕಪ್ಪಾಗ್ತದೆ, ವರ್ಷ ಹೋದ ಹಾಗೆ ಮರದ ತಲೆ ಸಣ್ಣದಾಗ್ತದೆ. ಔಷಧಿ ಇಲ್ಲ. ಕಾಸರಗೋಡು, ವಿಟ್ಲದ ಸಿಪಿಸಿಆರ್‌ಐಯವರು ತಡೆದುಕೊಳ್ಳುವ ಮರಗಳನ್ನು ಹುಡುಕಿ ಅದರಿಂದ ಸಸಿ ಮಾಡುವ ಕೆಲಸದಲ್ಲಿದ್ದಾರೆ. ಕೊಳೆರೋಗವಾದರೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ಹೊಡೆದು ಯುದ್ಧ ಮಾಡಿದ ಸಮಾಧಾನವಾದರೂ ಉಂಟು. ಇದಕ್ಕೆ ಅದೂ ಇಲ್ಲ. ನಮ್ಮ ತೋಟದ ಕೆಳಗಿನ ಮೂಲೆಯಲ್ಲಿ ಮೂರು ವರ್ಷದ ಹಿಂದೆ ಆರು ಮರ ಹಳದಿಯಾಗಿತ್ತು. ಈಗ ಎಣಿಸುವುದನ್ನು ಅಪ್ಪ ಬಿಟ್ಟಿದ್ದಾರೆ.

ಮೂರನೇ ಸೆಮ್ ಶುರುವಾಗುವಾಗ ಕಾಲೇಜು ಫೀಸು, ಹಾಸ್ಟೆಲ್ ಫೀಸು ಒಟ್ಟಿಗೆ ಬಂತು. ಹೊಸ ಅಡಿಕೆಯ ದುಡ್ಡು ಅಷ್ಟರಲ್ಲೇ ಮುಗಿದಿತ್ತು. ಗೋಣಿಗಳು ಡಬ್ಬಲ್ ಚೋಲ್ ಆಗಲಿಕ್ಕೆ ಇನ್ನು ಕೆಲವೇ ತಿಂಗಳು. ವಿಷಯ ಅಣ್ಣನಿಗೆ ಗೊತ್ತಾಗಿ ಫೋನ್ ಮಾಡಿದ. ಫೀಸು ನಾನು ಕಳಿಸ್ತೇನೆ ಚಿಕ್ಕಪ್ಪ, ಅಡಿಕೆ ಇರಲಿ, ರೇಟು ಬಂದ ಮೇಲೆ ಕೊಡಿ ಅಂದ. ಲೆಕ್ಕದಲ್ಲಿ ಅವನದ್ದು ಸರಿ. ಬಡ್ಡಿಯಿಲ್ಲದ ಸಾಲ, ನಾಲ್ಕೈದು ತಿಂಗಳು, ಮೇಲಿನ ರೇಟು. ನನ್ನ ಎಕ್ಸೆಲ್ ಶೀಟ್ ಕೂಡ ಹೌದು ಅಂತಿತ್ತು.

ಅಪ್ಪ ಒಪ್ಪಲಿಲ್ಲ. ‘ಅವನ ಬಾಟ್ಲಿ ಅವನು ಇಟ್ಕೊಳ್ಳಲಿ. ನನ್ನ ಅಡಿಕೆ ಇರುವುದೇ ಇದಕ್ಕೆ’ ಅಂದರು. ಮರುದಿನ ಏಣಿ ಇಟ್ಟರು. ಎಂತಕ್ಕೆ ಅಂತ ಯಾರೂ ಕೇಳಲಿಲ್ಲ. ಆರು ಗೋಣಿ ಇಳಿಸಿ ಪಿಕಪ್ಪಿಗೆ ಹಾಕಿದರು. ಒಂದನ್ನು ಮೇಲೆಯೇ ಬಿಟ್ಟರು. ನಾನು ಕೇಳಿದ್ದಕ್ಕೆ, ಅಟ್ಟ ಪೂರ್ತಿ ಖಾಲಿ ಇರಬಾರದು ಅಂದರು.

ಅಣ್ಣನಿಗೆ ಇದರಿಂದ ಬೇಜಾರಾಯಿತು. ಅವನು ಹೇಳಿದ್ದು ದುಡ್ಡಿನ ಬಗ್ಗೆ ಅಲ್ಲ. ಅವನು ಮನೆಯಿಂದ ಹೋದ ಮೇಲೆ ತೋಟದ ಯಾವ ಕಷ್ಟದಲ್ಲೂ ಅವನಿಗೆ ಪಾಲು ಸಿಕ್ಕಿಲ್ಲವಂತೆ. ಆ ನೆಲಮಾಳಿಗೆಯಲ್ಲಿ ಏನನ್ನೋ ವರ್ಷಗಟ್ಟಲೆ ಇಟ್ಟು, ತಾರೀಕು ಬರೆದು, ಆಗಾಗ ಇಳಿದು ನೋಡುವ ಅಭ್ಯಾಸ ಅವನಿಗೆ ಬಂದದ್ದು ಎಲ್ಲಿಂದ ಅಂತ ನನಗೆ ಆವತ್ತು ಅಂದಾಜಾಯಿತು. ಅವನು ಸಣ್ಣದಿರುವಾಗ ಅಡಿಕೆ ಗೋಣಿಗೆ ನಂಬರ್ ಬರೆಯುವ ಕೆಲಸ ಅವನದ್ದೇ ಆಗಿತ್ತಂತೆ.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಮೋಸ ಆಗ್ತದೆ. ಆಲ್ಕೋಹಾಲನ್ನೂ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದೇ ಪಟ್ಟಿಯಲ್ಲಿಟ್ಟಿದೆ, ಕ್ಯಾನ್ಸರ್ ತರುವಂಥವು ಅಂತ ಖಾತ್ರಿಯಾದ ಗುಂಪು 1. ಊರಿನಲ್ಲಿ ಈ ಮಾತು ಎತ್ತಿದರೆ ಜಗಳ ಆಗ್ತದೆ. ನಾನು ಎತ್ತುವುದಿಲ್ಲ. ಆದರೆ ಹಾಸ್ಟೆಲಿನಲ್ಲಿ ಕೂತು ಮೂರನೇ ಸೆಮ್ ಪರೀಕ್ಷೆಗೆ ಓದುವಾಗ, ಈ ಪುಸ್ತಕ, ಈ ಮಂಚ, ಈ ಫ್ಯಾನು ಎಲ್ಲ ಯಾರೋ ಜಗಿದು ಉಗಿಯುವ ಅಡಿಕೆಯಿಂದ ಬಂದದ್ದು ಅಂತ ಗೊತ್ತಿರ್ತದೆ. ಅಣ್ಣನ ಬಾಟಲಿ ನೋಡಿ ಎದ್ದು ಹೋಗುವ ದೊಡ್ಡಪ್ಪನಿಗೂ ಗೊತ್ತಿರಬಹುದು.

ಅಪ್ಪ ಈಗ ಖಾಲಿಯಾದ ಜಾಗದಲ್ಲಿ ಕಾಫಿ, ಜಾಯಿಕಾಯಿ ಗಿಡ ಹಾಕಿದ್ದಾರೆ. ನಡುವೆ ಮತ್ತೆ ಇಪ್ಪತ್ತು ಅಡಿಕೆ ಸಸಿಯನ್ನೂ ನೆಟ್ಟಿದ್ದಾರೆ. ರೋಗ ಬಂದ ಜಾಗದಲ್ಲೇ ಯಾಕೆ ಅಂತ ಕೇಳಿದರೆ, ನೋಡುವ ಅಂತಾರೆ. ಅಡಿಕೆ ಸಸಿ ಫಲ ಕೊಡಲಿಕ್ಕೆ ಐದಾರು ವರ್ಷ ಬೇಕು. ಅದು ಬದುಕಿ, ಫಲ ಕೊಟ್ಟು, ಆ ಅಡಿಕೆ ಡಬ್ಬಲ್ ಚೋಲ್ ಆಗುವಾಗ ನನಗೆ 27 ಆಗಿರ್ತದೆ. ನಾನು ಆಗ ಎಲ್ಲಿರ್ತೇನೆ ಅಂತ ಅಪ್ಪ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಮೇಲೆ ಉಳಿದ ಒಂದು ಗೋಣಿ ಈ ಸಲ ಡಬ್ಬಲ್ ಚೋಲ್ ಆಗ್ತದೆ. ಸೆಮ್ ರಜೆಯಲ್ಲಿ ಅದನ್ನು ಇಳಿಸಿ, ಒಂದು ದಿನ ಬಿಸಿಲಿಗೆ ಹಾಕಿ, ಹುಳು ಉಂಟಾ ನೋಡಿ ಪುನಃ ಕಟ್ಟುವ ಕೆಲಸ ನನ್ನದು. ಅಣ್ಣ ತೂಕ ಕೇಳಿದ್ದಾನೆ, ಅವನ ಪುಸ್ತಕದಲ್ಲಿ ಒಂದು ಪುಟ ಬಿಟ್ಟಿದ್ದಾನಂತೆ. ಇಟ್ಟಾಗ 65 ಕಿಲೋ ಇತ್ತು. ಈಗ ಎಷ್ಟು ಉಂಟು ಅಂತ ತಕ್ಕಡಿಗೆ ಹಾಕಿ ಕಳಿಸ್ತೇನೆ.